ಆಟಿಯ ಮಳೆಯಲ್ಲಿ ಮನೆಗಾಡಿ ನೋಡಲು ಹೋಗಿ

ಹಳೆಯ ಮನೆಗಾಡಿ ಕೊಳ್ಳುವ ಆಸೆ ನಿಮಗೂ ಹುಟ್ಟಿದ್ದರೆ, ಬೇರೆಲ್ಲ ಹೇಳುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ನೋಡಲು ಹೋಗಬೇಡಿ. ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನೊಳಗೆ ಹೋಗಿ, ಅದೂ ಮಳೆ ಧೋ ಎಂದು ಸುರಿಯುವ ದಿನವೇ ಹೋಗಿ. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 3500 ಮಿಲಿಮೀಟರ್ ಮಳೆ. ಅದರ ದೊಡ್ಡ ಪಾಲು ಜೂನ್ ತಿಂಗಳಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಐವತ್ತು ವರ್ಷ ಹಳೆಯ ಗಾಡಿಯ ಗುಟ್ಟೆಲ್ಲ ಈ ಮಳೆಗೆ ಗೊತ್ತು. ಮಾರುವವರು ಬಣ್ಣ ಬಳಿದು ಮುಚ್ಚಿಟ್ಟದ್ದನ್ನು ಅದು ಒಂದು ಗಂಟೆಯಲ್ಲಿ ಹೊರಗೆ ಹಾಕುತ್ತದೆ.

ನಾನು ಬದಿಯಡ್ಕದ ಕಡೆಯವಳು. ಕನ್ನಡ ಟೀಚರಾಗಿದ್ದು ನಿವೃತ್ತಿಯಾದೆ. ಮನೆಗಾಡಿ ಎಂದರೆ ಎಂಜಿನ್ ಇಲ್ಲದ, ಜೀಪಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಪುಟ್ಟ ಮನೆ. ಒಳಗೆ ಮಂಚ, ಅಡಿಗೆ ಕಟ್ಟೆ, ಒಂದೆರಡು ಕಪಾಟು. ಪೇಟೆಯವರು ಕ್ಯಾಂಪರ್ ಟ್ರೈಲರ್ ಎನ್ನುತ್ತಾರೆ, ಕ್ಯಾರವಾನ್ ಎನ್ನುತ್ತಾರೆ. 2021ರಲ್ಲಿ ಕೇರಳ ಸರಕಾರ ಕ್ಯಾರವಾನ್ ಪ್ರವಾಸದ ಯೋಜನೆ ತಂದ ಮೇಲೆ ಆ ಹೆಸರು ನಮ್ಮೂರಿನ ಚಾ ಅಂಗಡಿಯಲ್ಲೂ ಕೇಳಿಸತೊಡಗಿತು. ನನಗೆ ಮಾತ್ರ ಅದು ಒಂಬತ್ತು ವರ್ಷದವಳಿದ್ದಾಗಿನಿಂದ ಮನೆಗಾಡಿಯೇ.

ಆಗ ಕಾಸರಗೋಡಿಗೆ ಸರ್ಕಸ್ ಬಂದಿತ್ತು. ಆಟ ಶುರುವಾಗಲು ಹೊತ್ತಿದೆ ಎಂದು ಅಪ್ಪ ನನ್ನನ್ನು ಡೇರೆಯ ಹಿಂಬದಿಗೆ ಆನೆ ತೋರಿಸಲು ಕರೆದುಕೊಂಡು ಹೋದರು. ಆನೆ ನೋಡಿದ್ದು ನೆನಪಿಲ್ಲ. ನೆನಪಿರುವುದು ಅಲ್ಯೂಮಿನಿಯಂ ಹೊದಿಸಿದ ಒಂದು ಪೆಟ್ಟಿಗೆ ಮನೆ, ಅದಕ್ಕೆ ಎರಡು ಚಕ್ರ, ಬಾಗಿಲಿನ ಮೆಟ್ಟಿಲಲ್ಲಿ ಕೂತು ತೊಂಡೆಕಾಯಿ ಹೆಚ್ಚುತ್ತಿದ್ದ ಒಬ್ಬ ಹೆಂಗಸು. ಅವಳ ತಲೆಯ ಮೇಲೆ ಹಗ್ಗದಲ್ಲಿ ಮಿಣಮಿಣ ಮಿನುಗುವ ಅಂಗಿ ಒಣಗುತ್ತಿತ್ತು. ಒಳಗೆ ಸೀಮೆಎಣ್ಣೆ ಸ್ಟವ್ ಉರಿಯುತ್ತಿತ್ತು, ಗೋಡೆಯಲ್ಲಿ ದೇವರ ಕ್ಯಾಲೆಂಡರ್ ಇತ್ತು. ಅವಳ ಮನೆ ಅವಳ ಜೊತೆಗೇ ಊರಿಂದೂರಿಗೆ ಬರುತ್ತದೆ ಎಂದು ಹೊಳೆದಾಗ ಮೈ ಜುಮ್ಮೆಂದದ್ದು ಈಗಲೂ ನೆನಪಿದೆ.

ಈ ಪ್ರೀತಿಯನ್ನು ಹಗುರವಾಗಿ ನೋಡಬೇಡಿ. ಹಳೆಯ ಗಾಡಿ ಸರಿಮಾಡಲು ನನಗೆ ಹತ್ತಿರ ಹತ್ತಿರ ಎರಡು ವರ್ಷ ಹಿಡಿಯಿತು. ಪ್ರೀತಿ ಇಲ್ಲದಿದ್ದರೆ ಮೂರನೇ ತಿಂಗಳಲ್ಲೇ ಗುಜರಿಗೆ ಹಾಕಿಬಿಡುತ್ತಿದ್ದೆ. ಆದರೆ ಪ್ರೀತಿ ಯಾವುದರ ಮೇಲೆ ಎಂದು ನೋಡಿಕೊಳ್ಳಬೇಕು. ಬಣ್ಣ, ಪರದೆ, ಕಿಟಕಿಯ ಲೇಸು ಇವೆಲ್ಲ ಒಂದು ವಾರದಲ್ಲಿ ಬದಲಾಗುವಂಥವು. ಗಾಡಿಯ ಉದ್ದ, ಅಗಲ, ಮಾಡಿನ (ಚಾವಣಿಯ) ಎತ್ತರ, ಬಾಗಿಲಿರುವ ಜಾಗ ಬದಲಾಗುವುದಿಲ್ಲ. ಹಾಗಾಗಿ ನೋಡಲು ಹೋದಾಗ ಚಪ್ಪಲಿ ಕಳಚಿ ಒಳಗೆ ಹೋಗಿ ಮಂಚದಲ್ಲಿ ಉದ್ದಕ್ಕೆ ಮಲಗಿ. ಕಾಲು ಗೋಡೆಗೆ ತಾಗುತ್ತದೆಯೇ? ಅಡಿಗೆ ಕಟ್ಟೆಯ ಎದುರು ನಿಂತು ಒಂದು ಸುಳ್ಳು ದೋಸೆ ಹುಯ್ದು ನೋಡಿ. ಮೊಣಕೈ ಎಲ್ಲಿಗೆ ಹೊಡೆಯುತ್ತದೆ? ನಮ್ಮ ಮನೆಯವರು ಆರಡಿಯ ಆಳು. ಬೇರೆಲ್ಲ ಚೆನ್ನಾಗಿದ್ದ ಒಂದು ಗಾಡಿಯನ್ನು ಮಾಡು ಐದೂಮುಕ್ಕಾಲು ಅಡಿ ಇದ್ದುದಕ್ಕೆ ಬಿಟ್ಟುಬಂದೆವು. ಬಿಟ್ಟುಬಂದದ್ದಕ್ಕೆ ಒಂದು ದಿನವೂ ಬೇಸರವಾಗಿಲ್ಲ.

ಬೇಸರವಾದದ್ದು ಇನ್ನೊಂದರ ವಿಷಯದಲ್ಲಿ. ನಾನು ಮೊದಲು ಮನಸೋತದ್ದು ಒಬ್ಬ ವ್ಯಾಪಾರಿಯ ಅಂಗಳದಲ್ಲಿದ್ದ ಗಾಡಿಗೆ. ಮಾರ್ಚ್ ತಿಂಗಳು. ಹೊಸ ಬಣ್ಣ, ಬಿಳಿ ಮತ್ತು ತಿಳಿಹಸಿರು. ನೆಲಕ್ಕೆ ಹೊಸ ಹಾಸು. ಒಳಗೆ ಗಮ್ಮೆನ್ನುವ ಪರಿಮಳ. ಆ ಪರಿಮಳವೇ ನನ್ನನ್ನು ಎಚ್ಚರಿಸಬೇಕಿತ್ತು. ಗಾಡಿಯೊಳಗೆ ಊದುಬತ್ತಿಯದೋ, ಕರ್ಪೂರದ್ದೋ, ಸ್ಪ್ರೇಯದೋ ವಾಸನೆ ಜೋರಾಗಿದ್ದರೆ ಅದು ಬೂಷ್ಟಿನ ವಾಸನೆಯನ್ನು ಅಡಗಿಸಲು ಎಂದೇ ತಿಳಿಯಿರಿ. ಹದಿನೈದು ಸಾವಿರ ಮುಂಗಡ ಕೊಟ್ಟುಬಂದೆ. ಏಪ್ರಿಲ್ ಕೊನೆಗೆ ಗುಡುಗು ಸಿಡಿಲಿನ ಒಂದು ಬೇಸಿಗೆ ಮಳೆ ಬಂತು. ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ನೋಡಿದರೆ ಹಾಸಿನ ಮೇಲೆ ಕಾಲಿಟ್ಟಲ್ಲೆಲ್ಲ ಪಚಪಚ. ಮೂಲೆ ಎತ್ತಿ ನೋಡಿದೆ. ಅಡಿಯ ಪ್ಲೈವುಡ್ಡು ನೆನೆದ ಅವಲಕ್ಕಿಯ ಹಾಗೆ ಬೆರಳಿಗೆ ಬಂತು. ಮುಂಗಡ ವಾಪಸು ಸಿಗಲಿಲ್ಲ. ಮುಂಗಡ ಕೊಡುವಾಗ “ಮಳೆಯಲ್ಲಿ ಸೋರಿದರೆ ಹಣ ಹಿಂದಕ್ಕೆ” ಎಂದು ಒಂದು ಕಾಗದದಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಬರೆಯಲು ಒಪ್ಪದವರ ಗಾಡಿ ನೋಡುವ ಅಗತ್ಯವಿಲ್ಲ.

ಹುಡುಕುವುದೆಲ್ಲಿ ಎಂದು ಕೇಳುವವರಿದ್ದಾರೆ. ಅಮೆರಿಕದಲ್ಲಾದರೆ ಇದಕ್ಕೆ ದೊಡ್ಡ ಚರಿತ್ರೆಯೇ ಇದೆ. ಏರ್‌ಸ್ಟ್ರೀಮ್ ಕಂಪೆನಿಯ ಬೆಳ್ಳಿಬಣ್ಣದ ಕ್ಲಿಪ್ಪರ್ ಟ್ರೈಲರ್ ಬಂದದ್ದು 1936ರಲ್ಲಿ. ಅದನ್ನು ಮಾಡಿದ ವಾಲಿ ಬಯಮ್ 1959-60ರಲ್ಲಿ ಅಂಥ ಟ್ರೈಲರುಗಳ ಸಾಲನ್ನೇ ಆಫ್ರಿಕಾದ ಕೇಪ್‌ಟೌನಿನಿಂದ ಕೈರೋವರೆಗೆ ನಡೆಸಿದ. ನಮ್ಮಲ್ಲಿ ಅಂಥದ್ದು ಸಿಗುವುದಿಲ್ಲ. ನಮ್ಮಲ್ಲಿ ರಸ್ತೆಯಲ್ಲಿ ಬಾಳಿದ ಜನ ಎಂದರೆ ಸರ್ಕಸ್ಸಿನವರು. ಸರ್ಕಸ್ಸಿನ ತವರು ನಮ್ಮ ಪಕ್ಕದ ತಲಶ್ಶೇರಿ. ಕೀಲೇರಿ ಕುಞಿಕಣ್ಣನ್ ಅಲ್ಲಿ ಚಿರಕ್ಕರದಲ್ಲಿ 1901ರಲ್ಲಿ ಸರ್ಕಸ್ ಶಾಲೆ ತೆರೆದ ಮೇಲೆ ಆ ಊರಿನಿಂದ ಎಷ್ಟೋ ಕಂಪೆನಿಗಳು ಹೊರಟವು. ಈಗ ಹೆಚ್ಚಿನವು ಮುಚ್ಚಿವೆ, ಆಡಿದವರು ಊರಿಗೆ ಮರಳಿದ್ದಾರೆ. ಕೆಲವರ ಹಿತ್ತಿಲಲ್ಲಿ, ಹಲಸಿನ ಮರದ ಅಡಿಯಲ್ಲಿ, ಅವರ ಹಳೆಯ ಮನೆಗಾಡಿ ಸೌದೆ ಕೊಟ್ಟಿಗೆಯಾಗಿ ನಿಂತಿದೆ. ನನಗೆ ಸಿಕ್ಕಿದ್ದು ಹಾಗೆ. ಕೂತುಪರಂಬದ ದಾರಿಯಲ್ಲಿ, ಒಬ್ಬ ಬಸ್ ಬಾಡಿ ಕಟ್ಟುವ ಆಚಾರಿ ಹೇಳಿದ ಸುದ್ದಿ ಹಿಡಿದುಕೊಂಡು ಹೋದದ್ದು. ಹಳೆಯ ಬಾಡಿ ವರ್ಕ್‌ಶಾಪುಗಳಲ್ಲಿ ಕೇಳಿ. ಯಾವ ಗಾಡಿ ಎಲ್ಲಿ ಸತ್ತಿದೆ, ಎಲ್ಲಿ ಉಸಿರಾಡುತ್ತಿದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಆ ಮನೆಯ ಯಜಮಾನರು ಸರ್ಕಸ್ಸಿನಲ್ಲಿ ಲೆಕ್ಕ ನೋಡುತ್ತಿದ್ದವರು, ಅವರ ಹೆಂಡತಿ ಸೈಕಲ್ ಆಟದವರು. ಮಲಯಾಳದಲ್ಲಿ ಅಣ್ಣ, ಅಕ್ಕ ಎನ್ನುವ ಹಾಗೆ ಏಟ್ಟ, ಏಚ್ಚಿ ಎಂದೇ ನಾನು ಕರೆದದ್ದು. “ಟೀಚರೇ, ಈ ಮಳೆಯಲ್ಲಾ ಬರುವುದು?” ಎಂದು ಏಚ್ಚಿ ಮಲಯಾಳದಲ್ಲಿ ಕೇಳಿದರು. ಮಳೆಗಾಗಿಯೇ ಬಂದೆ ಎಂದೆ. ಏಟ್ಟ ಒಂದು ಗಳಿಗೆ ನನ್ನ ಮುಖ ನೋಡಿ, “ಹಾಗಾದರೆ ನೀವು ಕೊಳ್ಳುವವರೇ” ಎಂದರು.

ನನ್ನ ಜೊತೆ ಬದಿಯಡ್ಕದ ವೆಲ್ಡಿಂಗಿನ ಇಚ್ಚ, ಅಂದರೆ ಅಣ್ಣ, ಬಂದಿದ್ದರು. ನೀವು ಯಾರನ್ನು ಬಿಟ್ಟರೂ ವೆಲ್ಡಿಂಗ್ ಬಲ್ಲವರನ್ನು ಬಿಟ್ಟು ಹೋಗಬೇಡಿ. ಇಚ್ಚ ಬಾಗಿಲಿನ ಕಡೆಗೆ ತಿರುಗಿಯೂ ನೋಡಲಿಲ್ಲ. ಒಂದು ಗೋಣಿ ಹಾಸಿ ಗಾಡಿಯ ಅಡಿಗೆ ಮಲಗಿದರು. ಕ್ರಮ ಅದೇ. ಅಡಿಯಿಂದ ಶುರು, ಒಳಗಿನ ಚಂದ ಕೊನೆಗೆ. ಒಳಗೆ ಹೋಗಿ ಮನಸೋತ ಮೇಲೆ ಅಡಿಯ ತುಕ್ಕು ಕಣ್ಣಿಗೆ ಕಾಣಿಸುವುದಿಲ್ಲ.

ಚಾಸಿ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು, ನೋಡಲು ಸಣ್ಣ ಸುತ್ತಿಗೆ ಮತ್ತು ಹಳೆಯ ಸ್ಕ್ರೂಡ್ರೈವರ್ ಸಾಕು. ಸುತ್ತಿಗೆಯಿಂದ ಚಾನಲ್ ಕಬ್ಬಿಣವನ್ನು ಗೇಣಿಗೊಂದರಂತೆ ಬಡಿಯುತ್ತ ಹೋಗಬೇಕು. ಗಟ್ಟಿ ಕಬ್ಬಿಣ ಗಂಟೆಯ ಹಾಗೆ ಟಣ್ ಎನ್ನುತ್ತದೆ. ಒಳಗೆ ತುಕ್ಕು ತಿಂದದ್ದು ಬೊದ್ದ ಸದ್ದು ಮಾಡುತ್ತದೆ. ಬಲಿತ ಹಲಸಿನಕಾಯಿಯನ್ನು ಬಡಿದು ತಿಳಿಯುವ ಕಿವಿ ನಮಗೆಲ್ಲ ಇದೆಯಲ್ಲ, ಅದೇ ಕಿವಿ ಇಲ್ಲಿಗೂ ಆದೀತು. ಸದ್ದು ಕೆಟ್ಟಲ್ಲಿ ಸ್ಕ್ರೂಡ್ರೈವರಿನ ಮೊನೆಯಿಂದ ಒತ್ತಿ. ಮೇಲಿನ ಕೆಂಪು ಪುಡಿ ಉದುರಿ ಕೆಳಗೆ ಕಪ್ಪು ಲೋಹ ಸಿಕ್ಕಿದರೆ ತೊಂದರೆಯಿಲ್ಲ, ಉಜ್ಜಿ ಪ್ರೈಮರ್ ಹೊಡೆದರೆ ಮುಗಿಯಿತು. ಪದರ ಪದರವಾಗಿ ಎದ್ದರೆ, ಅಥವಾ ಮೊನೆ ಒಳಗೇ ಹೋದರೆ, ಆ ತುಂಡು ಕತ್ತರಿಸಿ ಹೊಸದು ಹಾಕಬೇಕು. ಮೂರು ಜಾಗಗಳನ್ನು ಬಿಡದೆ ನೋಡಿ: ಜೀಪಿಗೆ ಕಟ್ಟಿ ಎಳೆಯುವ ಮುಂದಿನ ಮೂತಿ ಚಾಸಿಗೆ ಸೇರುವಲ್ಲಿ, ಪ್ಲೇಟ್ ಸ್ಪ್ರಿಂಗ್ ಚಾಸಿಗೆ ತೂಗುವಲ್ಲಿ, ಮತ್ತೆ ಹಿಂದಿನ ಅಡ್ಡಪಟ್ಟಿ. ಚಕ್ರ ಎರಚಿದ ಕೆಸರು ಹಿಂದಿನ ಅಡ್ಡಪಟ್ಟಿಯಲ್ಲಿ ನಿಂತು ವರ್ಷಗಟ್ಟಲೆ ಒಣಗುವುದೇ ಇಲ್ಲ.

ನಮ್ಮ ಗಾಡಿಯ ಚಾಸಿ ಹಿಂದಿನ ಒಂದು ಮೂಲೆಯಲ್ಲಿ ಮಾತ್ರ ಬೊದ್ದ ಎಂದಿತು. ಇಚ್ಚ ಅಡಿಯಿಂದಲೇ ಕೂಗಿ ಹೇಳಿದರು: “ಟೀಚರೇ, ಒಂದೂವರೆ ಅಡಿ ಹೋಗಿದೆ. ಉಳಿದದ್ದು ಉಂಟು.” ಆ “ಉಂಟು” ಕೇಳಿ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಇನ್ನು ಮೈ. ಹಳೆಯ ಮನೆಗಾಡಿಗಳಲ್ಲಿ ಹೆಚ್ಚಿನವಕ್ಕೆ ಮರದ ಚೌಕಟ್ಟು, ಅದರ ಮೇಲೆ ಅಲ್ಯೂಮಿನಿಯಂ ತಗಡು. ಅಮೆರಿಕದ 1950ರ ದಶಕದವೂ ಹೀಗೆಯೇ, ನಮ್ಮ ಆಚಾರಿಗಳು ಕಟ್ಟಿದವೂ ಹೀಗೆಯೇ. ನಮ್ಮ ಗಾಡಿಯ ಚೌಕಟ್ಟು ಹೆಬ್ಬಲಸಿನದು, ಆರ್‌ಸಿಯಲ್ಲಿ ಇಸವಿ 1974. ತಗಡು ಹೊರಗಿನಿಂದ ಹೊಳೆಯುತ್ತಲೇ ಇರುತ್ತದೆ. ಒಳಗಿನ ಮರ ಕೊಳೆತು ಹೋಗಿದ್ದರೂ ತಗಡಿಗೆ ಅದರ ಸುದ್ದಿಯಿಲ್ಲ. ಏರ್‌ಸ್ಟ್ರೀಮಿನದು ವಿಮಾನದ ಹಾಗೆ ರಿವೆಟ್ ಹೊಡೆದ ಮೈ, ಮರದ ಚೌಕಟ್ಟಿಲ್ಲ. ಆದರೂ ಹಳೆಯ ಏರ್‌ಸ್ಟ್ರೀಮ್‌ಗಳಲ್ಲಿ ಹಿಂಬದಿಯ ಪ್ಲೈ ನೆಲ ಕೊಳೆತು ಮೈ ಚಾಸಿಯಿಂದ ಬಿಡಿಸಿಕೊಳ್ಳುವುದು ಹೆಸರಾಂತ ರೋಗ. ನೀರಿಗೆ ಯಾವ ಕಂಪೆನಿಯೂ ಒಂದೇ.

ಸೋರಿಕೆ ಹಿಡಿಯಲು ನಾನು ಮಾಡಿದ್ದು ಶಾಲೆಯ ವಿದ್ಯೆ. ಚೀಲದಲ್ಲಿ ಒಂದು ಡಬ್ಬಿ ಚಾಕ್ ಒಯ್ದಿದ್ದೆ. ಗಾಡಿಯೊಳಗೆ ಮಾಡು ಗೋಡೆಗೆ ಸೇರುವ ಗೆರೆಯುದ್ದಕ್ಕೂ, ಪ್ರತಿ ಕಿಟಕಿಯ ಕೆಳಗೆ, ಮಾಡಿನ ಗಾಳಿಕಿಂಡಿಯ ಸುತ್ತ, ನಾಲ್ಕು ಮೂಲೆಗಳಲ್ಲಿ ಮೇಲಿನಿಂದ ಕೆಳಗೆ ನೀಲಿ ಚಾಕಿನಿಂದ ದಪ್ಪ ಗೆರೆ ಎಳೆದೆ. ಬಾಗಿಲು ಹಾಕಿ ಒಳಗೇ ಕೂತೆ. ಮಳೆ ತಗಡಿನ ಮೇಲೆ ಹೊಡೆಯುತ್ತಿತ್ತು. ಮೊದಲ ಹತ್ತು ನಿಮಿಷ ಏನೂ ಇಲ್ಲ. ಗಾಳಿ ಪಡುವಣದಿಂದ ತಿರುಗಿದಾಗ ಬಾಗಿಲ ಪಕ್ಕದ ಮೂಲೆಯಲ್ಲಿ ಗೆರೆ ಕಪ್ಪಾಗತೊಡಗಿತು. ಮೊದಲು ಒಂದು ಚುಕ್ಕಿ, ಆಮೇಲೆ ಎರಡಂಗುಲ, ಆಮೇಲೆ ನೀಲಿ ನೀರು ಇರುವೆಯ ಸಾಲಿನ ಹಾಗೆ ಇಳಿಯಿತು. ನಲುವತ್ತು ನಿಮಿಷದಲ್ಲಿ ಒಟ್ಟು ನಾಲ್ಕು ಜಾಗ. ಪುಸ್ತಕದಲ್ಲಿ ಗಾಡಿಯ ಚಿತ್ರ ಬಿಡಿಸಿ ನಾಲ್ಕನ್ನೂ ಗುರುತು ಹಾಕಿದೆ. ಆ ಹಾಳೆ ಮುಂದೆ ಚೌಕಾಸಿಗೂ ಆಯಿತು, ದುರಸ್ತಿಗೂ ಆಯಿತು.

ನೀರು ತೊಟ್ಟಿಕ್ಕುವ ಜಾಗವೇ ಸೋರುವ ಜಾಗ ಎಂದು ಮಾತ್ರ ತಿಳಿಯಬೇಡಿ. ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಗೊತ್ತು. ಹಂಚು ಒಡೆದದ್ದು ಮೇಲೆ ಕೋಳುಮರದ ಹತ್ತಿರ, ನೀರು ಪಕ್ಕಾಸಿನ ಮೇಲೆ ಹರಿದು ಬಂದು ಬೀಳುವುದು ಜಗಲಿಯ ಚಾಪೆಗೆ. ಗಾಡಿಯಲ್ಲೂ ನೀರು ಮರದ ಪಟ್ಟಿ ಹಿಡಿದು ಮೂರು ನಾಲ್ಕು ಅಡಿ ಓಡುತ್ತದೆ. ಮೂಲ ಬೇಕಿದ್ದರೆ ಮಳೆ ಬಿಟ್ಟ ದಿನ ತೋಟದ ಪೈಪಿನಿಂದ ನೀರು ಬಿಡಬೇಕು, ಅದೂ ಕೆಳಗಿನಿಂದ ಮೇಲಕ್ಕೆ. ಮೊದಲು ಗೋಡೆಯ ಕೆಳಭಾಗಕ್ಕೆ ಐದು ನಿಮಿಷ, ಆಮೇಲೆ ಕಿಟಕಿಗೆ, ಕೊನೆಗೆ ಮಾಡಿಗೆ. ಒಳಗೊಬ್ಬರು ಕೂತು ನೋಡುತ್ತಿರಬೇಕು. ಯಾವ ಎತ್ತರದಲ್ಲಿ ನೀರು ಬಿಟ್ಟಾಗ ಒಳಗೆ ಬಂತೋ ತೂತು ಇರುವುದು ಅಲ್ಲಿ. ಮೊದಲೇ ಮೇಲಿನಿಂದ ಬಿಟ್ಟರೆ ಎಲ್ಲ ಒದ್ದೆಯಾಗಿ ಏನೂ ತಿಳಿಯುವುದಿಲ್ಲ.

ನೆಲವನ್ನು ಹಿಮ್ಮಡಿಯಿಂದ ಒತ್ತಿ ನೋಡಿ, ಮುಖ್ಯವಾಗಿ ಮೂಲೆಗಳಲ್ಲಿ ಮತ್ತು ಬಾಗಿಲ ಎದುರು. ಕಪಾಟಿನ ಒಳಗೆ, ಮಂಚದ ಅಡಿ ಟಾರ್ಚ್ ಹಾಕಿ. ಅಲ್ಲಿಗೆ ಬಣ್ಣ ಬಳಿಯುವವರು ಕಡಿಮೆ, ಹಾಗಾಗಿ ನಿಜ ಅಲ್ಲಿರುತ್ತದೆ. ಒರಲೆಯ (ಗೆದ್ದಲಿನ) ಮಣ್ಣಿನ ಗೆರೆ ಇದೆಯೇ ನೋಡಿ. ತಗಡಿನ ಸ್ಕ್ರೂಗಳ ಸುತ್ತ ಬಿಳಿ ಪುಡಿ ಕಂಡರೆ, ಅಲ್ಯೂಮಿನಿಯಂ ತಗಡಿಗೆ ಕಬ್ಬಿಣದ ಸ್ಕ್ರೂ ಹೊಡೆದಿದ್ದಾರೆ ಎಂದರ್ಥ. ಕಡಲ ಬದಿಯ ಉಪ್ಪುಗಾಳಿಯ ತೇವ ಎರಡು ಲೋಹಗಳ ನಡುವೆ ನಿಂತರೆ ಮೊದಲು ಸವೆಯುವುದು ಅಲ್ಯೂಮಿನಿಯಂ. ಅಂಥ ಸ್ಕ್ರೂ ತೆಗೆದು ಅಲ್ಯೂಮಿನಿಯಂ ರಿವೆಟ್ಟನ್ನೇ ಹೊಡೆಯಬೇಕು. ಮಾಡಿನ ಮೇಲೆ ಏಣಿ ಇಟ್ಟು ನೋಡಿ. ಟಾರು ಮೆತ್ತಿದ್ದರೆ ಎಷ್ಟು ಕಡೆ ಮೆತ್ತಿದ್ದಾರೆ ಎಂದು ಎಣಿಸಿ. ಅಷ್ಟು ಸಲ ಸೋರಿದೆ.

ಚಕ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಟಯರಿನ ಬದಿಯಲ್ಲಿ ನಾಲ್ಕು ಅಂಕೆ ಅಚ್ಚಾಗಿರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2314 ಎಂದಿದ್ದರೆ 2014ರ 23ನೇ ವಾರ. ನಿಂತೇ ಇರುವ ಗಾಡಿಯ ಟಯರಿಗೆ ಗೀರು ಸವೆದಿರುವುದಿಲ್ಲ, ಆದರೆ ಬದಿಯ ರಬ್ಬರು ಬಿರಿದಿರುತ್ತದೆ. ಆರು ವರ್ಷ ದಾಟಿದ್ದರೆ ಹೊಸದರ ದುಡ್ಡು ಲೆಕ್ಕಕ್ಕೆ ಸೇರಿಸಿ. ಚಕ್ರ ಜಾಕಿಯಲ್ಲಿ ಎತ್ತಿ ತಿರುಗಿಸಿ. ಗರಗರ ಎಂದರೆ ಬೇರಿಂಗ್ ಹೋಗಿದೆ. ಬೇರಿಂಗ್ ದೊಡ್ಡ ಖರ್ಚಲ್ಲ, ಆದರೆ ಬದಲಿಸದೆ ಗಾಡಿಯನ್ನು ರಸ್ತೆಗೆ ಇಳಿಸಬೇಡಿ. ವಯರಿಂಗ್ ಹಳೆಯದಾಗಿದ್ದರೆ ಪರೀಕ್ಷೆ ಮಾಡುತ್ತ ಕೂರದೆ ಪೂರ್ತಿ ತೆಗೆದು ಹೊಸದು ಎಳೆಸಿ. ಗ್ಯಾಸಿನ ಪೈಪೂ ಹಾಗೆಯೇ. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ತುಂಬುತ್ತದೆ. ಹಾಗಾಗಿ ಸಿಲಿಂಡರ್ ಇಡುವ ಗೂಡಿಗೆ ನೆಲಮಟ್ಟದಲ್ಲಿ ಹೊರಗೆ ತೆರೆಯುವ ಕಿಂಡಿ ಬೇಕೇ ಬೇಕು. ಪೈಪಿನ ಜೋಡಣೆಗೆಲ್ಲ ಸೋಪುನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡದೆ ಒಂದು ಚಾ ಕೂಡ ಕಾಯಿಸಬೇಡಿ.

ಕಾಗದಪತ್ರ. ನನ್ನ ಸಹನೆ ಅತಿ ಹೆಚ್ಚು ಖರ್ಚಾದದ್ದು ಇಲ್ಲಿ. ಎಂಜಿನ್ ಇಲ್ಲ, ಹಾಗಾಗಿ ದಾಖಲೆ ಬೇಡ ಎಂದು ಕೆಲವರು ಹೇಳುತ್ತಾರೆ. ಅದು ತಪ್ಪು. 1988ರ ಮೋಟಾರು ವಾಹನ ಕಾಯಿದೆಯಲ್ಲಿ ಟ್ರೈಲರ್ ಕೂಡ ವಾಹನವೇ. ಅದಕ್ಕೆ ತನ್ನದೇ ನಂಬರ್, ತನ್ನದೇ ಆರ್‌ಸಿ ಬೇಕು. ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಗಾಡಿಯ ಮೂತಿಯ ಕಬ್ಬಿಣದಲ್ಲಿ ಹುಡುಕಿ, ತುಕ್ಕು ಉಜ್ಜಿ, ಅದರ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆಯಿರಿ. ಒಂದು ಅಂಕೆ ಹೆಚ್ಚುಕಡಿಮೆ ಇದ್ದರೂ ಹಣ ಕೊಡಬೇಡಿ. ನೋಂದಣಿಯ ಅವಧಿ ಮುಗಿದಿದ್ದರೆ ನವೀಕರಣಕ್ಕೆ ಫಾರ್ಮ್ 25. ಮಾರಾಟಕ್ಕೆ ಫಾರ್ಮ್ 29 ಮತ್ತು 30. ನಮ್ಮ ಗಾಡಿಯ ಆರ್‌ಸಿ ಏಟ್ಟನ ಹೆಸರಿನಲ್ಲಿರಲಿಲ್ಲ, ತೀರಿಹೋದ ಅವರ ಅಣ್ಣನ ಹೆಸರಿನಲ್ಲಿತ್ತು. ಹಾಗಾದರೆ ಮೊದಲು ಫಾರ್ಮ್ 31ರಲ್ಲಿ ವಾರಸುದಾರರ ಹೆಸರಿಗೆ ಬರಬೇಕು, ಆಮೇಲೆ ನಿಮ್ಮ ಹೆಸರಿಗೆ. ಮೂರು ತಿಂಗಳು ಕಾದೆ. ಏಟ್ಟ ಎರಡು ಸಲ ಫೋನ್ ಮಾಡಿ, “ಗಾಡಿ ಒಯ್ಯಿರಿ ಟೀಚರೇ, ಕಾಗದ ಆಮೇಲೆ ಮಾಡುವ” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೂ ಒಯ್ಯಲಿಲ್ಲ. ಮಾರುವವರು ಎಷ್ಟೇ ಒಳ್ಳೆಯವರಾಗಿರಲಿ, ರಸ್ತೆಯಲ್ಲಿ ಅನಾಹುತವಾದರೆ ಕೇಳುವುದು ಕಾಗದವನ್ನು.

ಗಡಿಯ ಆಚೆಯವರಿಗೆ, ಅಂದರೆ ಪುತ್ತೂರು, ಸುಳ್ಯ, ಮಂಗಳೂರಿನವರಿಗೆ ಇನ್ನೊಂದು ಮಾತು. ಕೇರಳದ ನಂಬರಿನ ಗಾಡಿ ಕೊಂಡರೆ ಇಲ್ಲಿನ ಆರ್‌ಟಿಓದಿಂದ ಫಾರ್ಮ್ 28ರ ನಿರಾಕ್ಷೇಪಣಾ ಪತ್ರ ತೆಗೆಸಿಕೊಂಡೇ ತಲಪಾಡಿ ದಾಟಿ. ಹನ್ನೆರಡು ತಿಂಗಳಿಗಿಂತ ಹೆಚ್ಚು ಕರ್ನಾಟಕದಲ್ಲಿ ಇಟ್ಟುಕೊಂಡರೆ ಅಲ್ಲಿನ ನಂಬರಿಗೆ ಬದಲಿಸಬೇಕು. ಎಳೆಯುವ ವಾಹನಕ್ಕೆ ಕೊಂಡಿ ಕೂರಿಸುವ ಮೊದಲು, ಗಾಡಿಯ ರಚನೆ ಬದಲಿಸುವ ಮೊದಲು, ಮೋಟಾರು ವಾಹನ ಇನ್‌ಸ್ಪೆಕ್ಟರರನ್ನು ಕಂಡು ಕೇಳಿ. ಕೆಲಸ ಆದ ಮೇಲೆ ಕೇಳಿದರೆ ಬಿಚ್ಚಬೇಕಾಗಿ ಬಂದೀತು. ವಿಮೆಯಲ್ಲಿ ಟ್ರೈಲರಿನ ನಂಬರ್ ಕಾಣಿಸಿರಬೇಕು.

ಚೌಕಾಸಿಗೆ ನನ್ನ ಕ್ರಮ ಹೀಗೆ. ಏಟ್ಟ ಹೇಳಿದ್ದು 1,10,000. ನಾನು ನಾಲ್ಕು ಸೋರಿಕೆಯ ಚಿತ್ರ, ಇಚ್ಚ ಹೇಳಿದ ಒಂದೂವರೆ ಅಡಿ ಕಬ್ಬಿಣ, ಎರಡು ಟಯರ್, ಬೇರಿಂಗ್ ಇವೆಲ್ಲದರ ಅಂದಾಜನ್ನು ಅವರ ಎದುರಿಗೇ ಬರೆದು ತೋರಿಸಿದೆ. ಗಾಡಿಯನ್ನು ಹೀಗಳೆಯಲಿಲ್ಲ. ಅದು ಅವರು ಇಪ್ಪತ್ತು ವರ್ಷ ಬಾಳಿದ ಮನೆ. ಏಚ್ಚಿ ಬಾಗಿಲ ಚೌಕಟ್ಟಿನಲ್ಲಿ ಮಗನ ಎತ್ತರ ಗುರುತು ಹಾಕಿದ ಗೀರುಗಳನ್ನು ತೋರಿಸಿದರು. ಅದಕ್ಕೆ ಬಣ್ಣ ಬಳಿಯುವುದಿಲ್ಲ ಎಂದು ಮಾತು ಕೊಟ್ಟೆ, ಈಗಲೂ ಬಳಿದಿಲ್ಲ. 82,000ಕ್ಕೆ ಮುಗಿಯಿತು. ದುರಸ್ತಿಗೆ ಆಮೇಲೆ ಖರ್ಚಾದದ್ದು 1,46,000. ಕೊಂಡ ಬೆಲೆಯಷ್ಟೇ ಮತ್ತು ಅದರ ಮುಕ್ಕಾಲು ಪಾಲು ಬೇರೆಯೇ ತೆಗೆದಿಟ್ಟುಕೊಂಡಿರದಿದ್ದರೆ ಹಳೆಯ ಗಾಡಿಗೆ ಕೈ ಹಾಕಬೇಡಿ.

ತರುವ ಮೊದಲು ತೂಕ. ಮುರಕಲ್ಲಿನ ಲಾರಿ ತೂಗುವ ವೇಬ್ರಿಡ್ಜ್ ಎಲ್ಲ ಕಡೆ ಇದೆ. ಮೊದಲು ಗಾಡಿಯನ್ನು ಪೂರ್ತಿ ಹಲಗೆಯ ಮೇಲೆ ನಿಲ್ಲಿಸಿ ತೂಗಿ. ಆಮೇಲೆ ಚಕ್ರ ಮಾತ್ರ ಹಲಗೆಯ ಮೇಲಿದ್ದು, ಮೂತಿಯ ಊರುಗೋಲು ಹಲಗೆಯ ಹೊರಗೆ ನಿಲ್ಲುವ ಹಾಗೆ ಮಾಡಿ ತೂಗಿ. ನಮ್ಮದು ಪೂರ್ತಿ 940 ಕಿಲೋ, ಚಕ್ರ ಮಾತ್ರ 838. ಅಂದರೆ ಮೂತಿಯ ಭಾರ, ಜೀಪಿನ ಕೊಂಡಿ ಹೊರಬೇಕಾದದ್ದು, 102 ಕಿಲೋ, ನೂರಕ್ಕೆ ಹತ್ತಕ್ಕಿಂತ ತುಸು ಹೆಚ್ಚು. ಹತ್ತರಿಂದ ಹದಿನೈದರೊಳಗೆ ಇದ್ದರೆ ಒಳ್ಳೆಯದು. ಒಟ್ಟು ತೂಕ ನಿಮ್ಮ ಜೀಪು ಎಷ್ಟು ಎಳೆಯಬಹುದು ಎಂದು ಅದರ ಪುಸ್ತಕದಲ್ಲಿ ಹೇಳಿದೆಯೋ ಅದರೊಳಗಿರಬೇಕು.

ಮೂತಿಯ ಭಾರ ಯಾಕೆ ಮುಖ್ಯ ಎಂಬುದು ನನಗೆ ರಸ್ತೆಯಲ್ಲೇ ಅರ್ಥವಾಯಿತು. ಗಾಡಿ ಮನೆಗೆ ಬಂದ ಮೇಲೆ ಹಿಂದಿನ ಮಂಚದ ಅಡಿಗೆ ನೂರು ಲೀಟರಿನ ನೀರಿನ ಟ್ಯಾಂಕ್ ಇಟ್ಟೆವು. ಜಾಗ ಖಾಲಿ ಇತ್ತು, ಅಷ್ಟೇ ಯೋಚಿಸಿದ್ದು. ತುಂಬಿಸಿಕೊಂಡು ಹೊರಟಾಗ ಚೆರ್ಕಳದ ದಾರಿಯ ಇಳಿಜಾರಿನಲ್ಲಿ ಗಾಡಿ ಬಾಲ ಬೀಸತೊಡಗಿತು. ಮೊದಲು ಮೆಲ್ಲಗೆ, ಆಮೇಲೆ ಜೀಪಿನ ಹಿಂಬದಿಯನ್ನೇ ಅತ್ತಿತ್ತ ಎಳೆಯುವಷ್ಟು. ಸ್ಟೇರಿಂಗಿನಲ್ಲಿದ್ದದ್ದು ನಾನು. ಬ್ರೇಕ್ ಒತ್ತಬೇಕೆಂದು ಕಾಲು ತುಡಿಯುತ್ತದೆ, ಒತ್ತಬಾರದು. ಸ್ಟೇರಿಂಗ್ ತಿರುಗಿಸಿ ಸರಿಮಾಡಲೂ ಹೋಗಬಾರದು. ನೇರ ಹಿಡಿದು ಆಕ್ಸಿಲರೇಟರಿನಿಂದ ಕಾಲು ಮೆಲ್ಲನೆ ತೆಗೆದೆ. ವೇಗ ಇಳಿದ ಹಾಗೆ ಬೀಸು ನಿಂತಿತು. ಮತ್ತೆ ತೂಗಿಸಿದರೆ ಒಟ್ಟು 1040, ಮೂತಿಯಲ್ಲಿ ಬರೇ 52. ಹಿಂದಿನ ನೂರು ಕಿಲೋ ತಕ್ಕಡಿಯ ಹಾಗೆ ಮೂತಿಯನ್ನು ಎತ್ತಿಬಿಟ್ಟಿತ್ತು. ಟ್ಯಾಂಕನ್ನು ಆಕ್ಸಲಿನ ತುಸು ಮುಂದಕ್ಕೆ ತಂದ ಮೇಲೆ ಒಮ್ಮೆಯೂ ಬಾಲ ಬೀಸಿಲ್ಲ.

ಸರ್ಕಸ್ಸಿನ ಗಾಡಿಯಾದ್ದರಿಂದ ಮೂತಿಯಲ್ಲಿ ಲಾರಿಗೆ ಕಟ್ಟುವ ಕಬ್ಬಿಣದ ಬಳೆ ಇತ್ತು. ಅದನ್ನು ಬದಲಿಸಿ 50 ಮಿಲಿಮೀಟರಿನ ಗುಂಡಿನ ಕೊಂಡಿ ಹಾಕಿಸಿದೆವು. ಜೊತೆಗೆ ನೂಕುಬ್ರೇಕ್. ಜೀಪು ನಿಧಾನವಾದಾಗ ಗಾಡಿ ಮುಂದಕ್ಕೆ ನೂಕುತ್ತದಲ್ಲ, ಆ ನೂಕೇ ಕೇಬಲ್ ಎಳೆದು ಗಾಡಿಯ ಚಕ್ರಕ್ಕೆ ಬ್ರೇಕ್ ಹಾಕುತ್ತದೆ. ಕೊಂಡಿಯ ಅಡಿಯಲ್ಲಿ ಎರಡು ಸರಪಳಿಗಳನ್ನು ಒಂದಕ್ಕೊಂದು ಅಡ್ಡ ಹಾಯಿಸಿ ಕಟ್ಟಿ. ಕೊಂಡಿ ಕಳಚಿದರೂ ಮೂತಿ ಆ ತೊಟ್ಟಿಲಿಗೆ ಬೀಳುತ್ತದೆ, ರಸ್ತೆಗೆ ಬೀಳುವುದಿಲ್ಲ. ಗಾಡಿ ಓಡುವಾಗ ಒಳಗೆ ಯಾರೂ ಇರಕೂಡದು, ಮಕ್ಕಳು ಎಷ್ಟೇ ಹಟ ಮಾಡಲಿ. ಹಿಂದಕ್ಕೆ ತೆಗೆಯುವುದನ್ನು ಕಲಿಯಲು ಕೊಯ್ಲಾದ ಗದ್ದೆ ಒಳ್ಳೆಯದು. ಸ್ಟೇರಿಂಗಿನ ಕೆಳತುದಿಯನ್ನು ಹಿಡಿಯಿರಿ. ಗಾಡಿಯ ಹಿಂಭಾಗ ಯಾವ ಕಡೆಗೆ ಹೋಗಬೇಕೋ ಕೈಯನ್ನು ಆ ಕಡೆಗೇ ಸರಿಸಿ. ಒಂದು ವಾರ ಸಂಜೆ ಹೊತ್ತು ಮಾಡಿದರೆ ಕೈಗೆ ತಾನಾಗಿ ಬರುತ್ತದೆ.

ದುರಸ್ತಿಯಲ್ಲಿ ಎರಡು ಸಂಗತಿಯ ಬಗ್ಗೆ ನನಗೆ ಬಲವಾದ ಅಭಿಪ್ರಾಯವಿದೆ. ನೆಲಕ್ಕೆ ಐಎಸ್ 710 ಎಂದು ಅಚ್ಚಿರುವ ಮರೀನ್ ಪ್ಲೈ ಮಾತ್ರ ಹಾಕಿ, ಕತ್ತರಿಸಿದ ಅಂಚುಗಳಿಗೆಲ್ಲ ಬಣ್ಣ ಕುಡಿಸಿಯೇ ಕೂರಿಸಿ. ನೀರು ಹೊಗುವುದು ಅಂಚಿನಿಂದ. ಎರಡನೆಯದು, ತಗಡಿನ ಜೋಡಣೆಗೆ ಸಿಲಿಕೋನ್ ಹಚ್ಚಬೇಡಿ. ಅಗ್ಗ, ಎಲ್ಲ ಅಂಗಡಿಯಲ್ಲಿ ಸಿಗುತ್ತದೆ, ಮೊದಲ ವರ್ಷ ಚೆನ್ನಾಗಿಯೂ ಇರುತ್ತದೆ. ಬಿಟ್ಟುಕೊಂಡ ಮೇಲೆ ಅದರ ಜಿಡ್ಡಿನ ಮೇಲೆ ಬಣ್ಣವೂ ಹಿಡಿಯುವುದಿಲ್ಲ, ಬೇರೆ ಅಂಟೂ ಹಿಡಿಯುವುದಿಲ್ಲ. ಏಟ್ಟನ ಮನೆಯಲ್ಲಿದ್ದಾಗ ಯಾರೋ ಹಚ್ಚಿದ ಸಿಲಿಕೋನನ್ನು ಕೆರೆದು ತೆಗೆಯಲು ನಾನು, ನನ್ನ ತಂಗಿಯ ಮಗಳು ಹನ್ನೊಂದು ದಿನ ಕೂತಿದ್ದೇವೆ. ತಗಡಿನ ನಡುವೆ ಬ್ಯೂಟೈಲ್ ಟೇಪ್ (ಅಂಟು ರಬ್ಬರಿನ ಪಟ್ಟಿ) ಇಟ್ಟು ರಿವೆಟ್ ಹೊಡೆದು, ಹೊರ ಅಂಚಿಗೆ ಪಾಲಿಯುರಿಥೇನ್ ಅಂಟು ಹಚ್ಚಿಸಿ. ಮಳೆಗಾಲದಲ್ಲಿ ಗಾಡಿಯ ಮೇಲೆ ಟಾರ್ಪಾಲನ್ನು ಮೈಗೆ ಅಂಟಿಸಿ ಕಟ್ಟಬೇಡಿ, ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಅಡಕೆಮರದ ಕಂಬ ನೆಟ್ಟು ಒಂದೂವರೆ ಅಡಿ ಮೇಲೆ ಶೀಟು ಹಾಕಿ, ಗಾಳಿ ಆಡಲಿ. ಗಾಡಿಯ ಮೂತಿಯನ್ನು ಹಿಂಬದಿಗಿಂತ ಎರಡಂಗುಲ ಎತ್ತರಿಸಿ ನಿಲ್ಲಿಸಿದರೆ ಮಾಡಿನ ಮೇಲೆ ನೀರು ನಿಲ್ಲುವುದಿಲ್ಲ.

ಈ ಆಟಿಯಲ್ಲಿ ಶೀಟಿನ ಅಡಿಯಿಂದ ಗಾಡಿಯನ್ನು ಅಂಗಳಕ್ಕೆ ಎಳೆದು ಮತ್ತೆ ಚಾಕ್ ಗೆರೆ ಎಳೆದೆ. ರಾತ್ರಿ ಒಳಗೇ ಮಲಗಿದೆವು. ಮನೆಯವರು ಕಾಲು ಚಾಚಿ ನಿದ್ದೆ ಹೋದರು, ನಾನು ಎರಡು ಸಲ ಎದ್ದು ಟಾರ್ಚ್ ಹಾಕಿ ಗೋಡೆ ನೋಡಿದೆ. ಹಳೆಯ ನಾಲ್ಕೂ ಜಾಗ ಒಣಗಿದ್ದವು. ಅಡಿಗೆ ಕಟ್ಟೆಯ ಮೇಲಿನ ಕಿಟಕಿಯ ಕೆಳಗೆ ಮಾತ್ರ ಒಂದಂಗುಲ ನೀಲಿ ಕಪ್ಪಾಗಿದೆ. ಅಲ್ಲಿನ ರಬ್ಬರು ಬದಲಿಸಲು ಇಚ್ಚ ಭಾನುವಾರ ಬರುತ್ತೇನೆ ಎಂದಿದ್ದಾರೆ.